ಪಿಕಪ್ ಎತ್ತರಿಸಿದರೆ ಮುಂದಿನ ಆಕ್ಸಲ್ ಬೇಗ ಸವೆಯುತ್ತದೆಯೇ?

ಪ್ರಶ್ನೆ: ಬೆಟ್ಟದ ತೋಟ (ಮಾದಾಪುರ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮಾದಾಪುರದಿಂದ ಒಳಗೆ, ಇಳಿಜಾರಿನಲ್ಲಿರುವ ಕಾಫಿ ತೋಟ. ಟಾರು ರಸ್ತೆ ಬಿಟ್ಟ ಮೇಲೆ ಕಣದವರೆಗೂ ಮಣ್ಣಿನ ದಾರಿ. 2018ರ ಮಳೆಗಾಲದಲ್ಲಿ ಗುಡ್ಡ ಜರಿದು ಹಳೆಯ ದಾರಿ ಹೋದ ಮೇಲೆ ಬೇರೆ ಕಡೆಯಿಂದ ಬಳಸಿ ಹೊಸದಾಗಿ ಕಡಿಸಿದ್ದರಿಂದ ಏರು ಮೊದಲಿಗಿಂತ ಕಡಿದಾಗಿದೆ, ತಿರುವುಗಳೂ ಹೆಚ್ಚಾಗಿವೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಚಕ್ರಗಳ ಜಾಡು ಆಳವಾಗಿ, ನಡುವಿನ ಮಣ್ಣು ದಿಬ್ಬವಾಗಿ ಉಳಿದು, ವಾಹನದ ಹೊಟ್ಟೆ ಅದಕ್ಕೆ ಉಜ್ಜುತ್ತದೆ. ಜನವರಿಯಿಂದ ರೊಬಸ್ಟಾ ಕೊಯ್ಲು ಶುರುವಾದಾಗ ದಾರಿ ಒಣಗಿರುತ್ತದೆಯಾದರೂ ಆ ದಿಬ್ಬ ಗಟ್ಟಿಯಾಗಿ, ಚೀಲ ಹೇರಿದ ಗಾಡಿಗೆ ಇನ್ನಷ್ಟು ತೊಂದರೆ ಕೊಡುತ್ತದೆ.

ನಮ್ಮ ಬಳಿ ಇರುವುದು ಫೋರ್ ವೀಲ್ ಡ್ರೈವ್ ಇರುವ ಡಬಲ್ ಕ್ಯಾಬ್ ಪಿಕಪ್. ಮುಂದೆ ಡಬಲ್ ವಿಷ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್, ಟಯರು 245/70 ಆರ್16. ಮೈಸೂರಿನ ಒಂದು ಗ್ಯಾರೇಜಿನವರು ಮುಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಗೆ ಸ್ಪೇಸರ್ ಕೊಟ್ಟು, ಹಿಂದೆ ಒಂದು ಪ್ಲೇಟು ಹೆಚ್ಚಿಸಿ, ಒಟ್ಟಾರೆ 50 ಮಿಲಿಮೀಟರ್ ಎತ್ತರಿಸಿ ಕೊಡುತ್ತೇವೆ, ಬೇರೆ ಯಾವ ಭಾಗವನ್ನೂ ಮುಟ್ಟಬೇಕಾಗಿಲ್ಲ ಎಂದು ಹೇಳುತ್ತಾರೆ. ಆದರೆ ನಮ್ಮ ಊರಿನ ಮೆಕ್ಯಾನಿಕ್, ಹಾಗೆ ಮಾಡಿದರೆ ಮುಂದಿನ ಆಕ್ಸಲ್ ಶಾಫ್ಟ್‌ಗಳು ಬೇಗ ಹಾಳಾಗುತ್ತವೆ ಎಂದು ಎಚ್ಚರಿಸುತ್ತಾರೆ. ಪಕ್ಕದ ತೋಟದವರ ಎತ್ತರಿಸಿದ ಪಿಕಪ್ ಕಣದಲ್ಲಿ ಪೂರ್ತಿ ತಿರುಗಿಸುವಾಗ ಮುಂದಿನ ಚಕ್ರದಿಂದ ಕಟಕಟ ಸದ್ದು ಮಾಡುವುದನ್ನು ನಾನೇ ಕೇಳಿದ್ದೇನೆ. ಅದು ಎತ್ತರಿಸಿದ್ದರಿಂದಲೇ ಬಂದದ್ದೋ ಅಥವಾ ಬೇರೆ ಕಾರಣವಿದೆಯೋ ನನಗೆ ತಿಳಿಯದು.

ಎತ್ತರಿಸುವುದರಿಂದ ನಿಜವಾಗಿ ಸವೆಯುವ ಭಾಗಗಳು ಯಾವುವು, ಏಕೆ ಸವೆಯುತ್ತವೆ, ಎಷ್ಟು ಎತ್ತರದವರೆಗೆ ಭಯವಿಲ್ಲ ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಅಂದಕ್ಕಾಗಿ ಎತ್ತರಿಸುವ ಆಸೆ ನನಗಿಲ್ಲ.


ಉತ್ತರ: ಶಾಫ್ಟ್ ಕೋನ (ಕುಶಾಲನಗರ)

ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಹುರುಳಿದೆ. ಆದರೆ ‘ಆಕ್ಸಲ್ ಹಾಳಾಗುತ್ತದೆ’ ಎಂಬ ಒಂದೇ ಮಾತಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವುದರಿಂದ ಅವನ್ನು ಬಿಡಿಸಿ ನೋಡುವುದು ಒಳ್ಳೆಯದು. ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನಾದ್ದರಿಂದ ಈ ಜಾಯಿಂಟ್‌ಗಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

ನಿಮ್ಮ ಗಾಡಿಯಲ್ಲಿ ಮುಂದಿನ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ) ಚಾಸಿಗೆ ಬಿಗಿದಿರುತ್ತದೆ. ಚಕ್ರಗಳು ಮಾತ್ರ ಮೇಲೆ ಕೆಳಗೆ ಆಡುತ್ತವೆ. ಈ ಎರಡನ್ನು ಸೇರಿಸುವ ಗಿಡ್ಡ ಶಾಫ್ಟ್‌ನ ಎರಡೂ ತುದಿಗಳಲ್ಲಿ ಸಿ.ವಿ. ಜಾಯಿಂಟ್, ಅಂದರೆ ಬಾಗಿದಾಗಲೂ ಸಮವೇಗದಲ್ಲಿ ತಿರುಗಿಸುವ ಕೀಲು, ಇರುತ್ತದೆ. ಚಕ್ರದ ಕಡೆಯ ಹೊರ ಜಾಯಿಂಟ್‌ನಲ್ಲಿ ಆರು ಉಕ್ಕಿನ ಗುಂಡುಗಳು ಬಾಗಿಸಿ ಕೊರೆದ ಜಾಡುಗಳಲ್ಲಿ ಓಡಾಡುತ್ತವೆ. ಡಿಫರೆನ್ಷಿಯಲ್ ಕಡೆಯ ಒಳ ಜಾಯಿಂಟ್‌ನಲ್ಲಿ ಸಾಮಾನ್ಯವಾಗಿ ಮೂರು ರೋಲರುಗಳಿದ್ದು, ಅವು ಶಾಫ್ಟ್‌ಗೆ ಕೋನವನ್ನೂ ಉದ್ದದಲ್ಲಿ ಜಾರುವ ಅವಕಾಶವನ್ನೂ ಕೊಡುತ್ತವೆ. ಚಾಸಿಯನ್ನು ಎತ್ತರಿಸಿದರೆ ಡಿಫರೆನ್ಷಿಯಲ್ ಕೂಡ ಅದರೊಂದಿಗೆ ಮೇಲೆ ಹೋಗುತ್ತದೆ, ಚಕ್ರ ನೆಲದಲ್ಲೇ ಉಳಿಯುತ್ತದೆ. ಆದ್ದರಿಂದ ಶಾಫ್ಟ್ ಹೆಚ್ಚು ಓರೆಯಾಗುತ್ತದೆ.

ಎಷ್ಟು ಓರೆ ಎಂಬುದನ್ನು ಲೆಕ್ಕ ಹಾಕಬಹುದು. ಎರಡು ಜಾಯಿಂಟ್‌ಗಳ ನಡುವಿನ ಉದ್ದ 400 ಮಿ.ಮೀ., ಕಂಪನಿಯಿಂದ ಬಂದಾಗಿನ ಕೋನ 5 ಡಿಗ್ರಿ ಎಂದು ಇಟ್ಟುಕೊಳ್ಳೋಣ. 50 ಮಿ.ಮೀ. ಎತ್ತರಿಸಿದ ಮೇಲೆ ಆ ಕೋನ 12 ಡಿಗ್ರಿ ದಾಟುತ್ತದೆ. ಗಾಡಿ ನೇರವಾಗಿ ಓಡುವಾಗಲೂ ಪ್ರತಿ ಸುತ್ತಿಗೂ ಗುಂಡುಗಳು ಜಾಡಿನಲ್ಲಿ ಹಿಂದೆ ಮುಂದೆ ಸರಿಯುತ್ತಲೇ ಇರುತ್ತವೆ. ಆ ಸರಿದಾಟದ ದೂರ ಕೋನದೊಂದಿಗೆ ಬೆಳೆಯುತ್ತದೆ, ಅದರೊಂದಿಗೆ ಉಜ್ಜಾಟ ಮತ್ತು ಬಿಸಿಯೂ ಬೆಳೆಯುತ್ತವೆ, ಗ್ರೀಸ್ ಬೇಗ ತೆಳುವಾಗುತ್ತದೆ. ನಿಧಾನವಾದ ಸವೆತ ಎಂದರೆ ಇದೇ.

ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಏನಾಗುತ್ತದೆ ಎಂಬುದನ್ನು ಬಹಳ ಮಂದಿ ತಪ್ಪಾಗಿ ಊಹಿಸುತ್ತಾರೆ. ಸ್ಟೇರಿಂಗ್ ಕೋನ 35 ಡಿಗ್ರಿ ಇದ್ದರೆ, ಮೊದಲಿನ ಎತ್ತರದಲ್ಲಿ ಹೊರ ಜಾಯಿಂಟ್‌ನ ಒಟ್ಟು ಕೋನ 35ಕ್ಕಿಂತ ಸ್ವಲ್ಪವೇ ಹೆಚ್ಚು, ಎತ್ತರಿಸಿದ ಮೇಲೆ ಸುಮಾರು 37. ಎರಡು ಕೋನಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಅವು ನೇರವಾಗಿ ಕೂಡುವುದಿಲ್ಲ. ಹೀಗಾಗಿ ಹೊರ ಜಾಯಿಂಟ್‌ನ ಮಟ್ಟಿಗೆ ತಿರುವಿನಲ್ಲಿ ಎತ್ತರದ ಪಾಲು ಚಿಕ್ಕದು. ಅಲ್ಲಿ ಅದನ್ನು ಮುರಿಯುವುದು ಲೋ ಗೇರಿನ ಬಲ. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ, ಒಂದು ಚಕ್ರ ಕೆಸರಿನಲ್ಲಿ ಜಾರುತ್ತಿರುವಾಗ ಆಕ್ಸಲರೇಟರ್ ಒತ್ತಿ, ಆ ಚಕ್ರ ತಟ್ಟನೆ ಕಲ್ಲಿನ ಮೇಲೆ ಹಿಡಿತ ಸಿಕ್ಕಿ ನಿಂತಿತೆಂದರೆ ಎತ್ತರಿಸದ ಗಾಡಿಯ ಜಾಯಿಂಟ್ ಕೂಡ ಬಿರಿಯಬಹುದು.

ಒಳ ಜಾಯಿಂಟ್‌ನ ವಿಷಯ ಇದಕ್ಕೆ ತದ್ವಿರುದ್ಧ. ಅದಕ್ಕೆ ಸ್ಟೇರಿಂಗ್ ಕೋನ ತಲುಪುವುದೇ ಇಲ್ಲ, ಅದು ಅನುಭವಿಸುವುದು ಮೇಲೆ ಕೆಳಗಿನ ಕೋನವನ್ನು ಮಾತ್ರ. ಎತ್ತರಿಸಿದ ಹೊರೆ ಪೂರ್ತಿಯಾಗಿ ಬೀಳುವುದು ಅದರ ಮೇಲೆ, ಅದರ ಸಾಮರ್ಥ್ಯವೂ ಕಡಿಮೆ. ಹೊರ ಜಾಯಿಂಟ್ 45 ಡಿಗ್ರಿಯ ಆಸುಪಾಸಿನವರೆಗೆ ಬಾಗಬಲ್ಲದು, ಒಳಗಿನದು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯಲ್ಲೇ ಮುಗಿಯುತ್ತದೆ. ಆದ್ದರಿಂದ ಪಕ್ಕದ ತೋಟದ ಗಾಡಿ ತಿರುವಿನಲ್ಲಿ ಕಟಕಟ ಎನ್ನುತ್ತಿದ್ದರೆ ಅದು ಹೊರ ಜಾಯಿಂಟ್‌ನ ಸದ್ದು, ಅದಕ್ಕೆ ಎತ್ತರವೊಂದನ್ನೇ ದೂರಲಾಗದು. ಎತ್ತರಿಸಿದ್ದರ ನಿಜವಾದ ಗುರುತು ಕಾಣುವುದು ನೇರ ದಾರಿಯಲ್ಲಿ. ಏರಿನಲ್ಲಿ ವೇಗ ಕೊಡುವಾಗ ಮುಂಭಾಗ ಸಣ್ಣಗೆ ನಡುಗಿ, ಆಕ್ಸಲರೇಟರ್ ಬಿಟ್ಟ ಕೂಡಲೇ ಆ ನಡುಕ ನಿಂತರೆ ಒಳ ಜಾಯಿಂಟ್ ಸವೆದಿದೆ ಎಂದು ಅನುಮಾನಿಸಬೇಕು. ರಿವರ್ಸ್ ಹಾಕುವಾಗ ‘ಟಕ್’ ಎಂದು ಹೊಡೆದರೂ ಹಾಗೆಯೇ.

ಎರಡನೆಯ ಸಂಗತಿ, ಹೇಗೆ ಎತ್ತರಿಸುತ್ತೀರಿ ಎಂಬುದು. ನಿಮ್ಮ ಗ್ಯಾರೇಜಿನವರು ಹೇಳುವ ಸ್ಪೇಸರ್ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಗೂ ಚಾಸಿಗೂ ನಡುವೆ ಕೂರುತ್ತದೆ. ಶಾಕ್ ಕೆಳತೋಳಿನ (ಚಕ್ರವನ್ನು ಚಾಸಿಗೆ ಸೇರಿಸುವ ಕೆಳಗಿನ ಕಂಟ್ರೋಲ್ ಆರ್ಮ್) ತುದಿಯಲ್ಲಿರದೆ ನಡುವೆ ಕೂತಿರುವುದರಿಂದ 25ರಿಂದ 30 ಮಿ.ಮೀ. ದಪ್ಪದ ಸ್ಪೇಸರ್ ಚಕ್ರದ ಬಳಿ 50 ಮಿ.ಮೀ. ಎತ್ತರ ಕೊಡುತ್ತದೆ. ಅಗ್ಗವಾದ ಉಪಾಯವೇ ಹೌದು. ಆದರೆ ಇಡೀ ಶಾಕ್ ಕೆಳಗೆ ಸರಿಯುವುದರಿಂದ, ಹಳ್ಳ ಸಿಕ್ಕಾಗ ಚಕ್ರ ಮೊದಲಿಗಿಂತ 50 ಮಿ.ಮೀ. ಹೆಚ್ಚು ಕೆಳಗೆ ಜೋತಾಡಬಲ್ಲದು. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ನಿಂತ ಮಟ್ಟದಿಂದ 80 ಮಿ.ಮೀ. ಜೋಲುವ ಅವಕಾಶವಿರುವ ಗಾಡಿಯಲ್ಲಿ ಪೂರ್ತಿ ಜೋತಾಗಿನ ಕೋನ ಮೊದಲು ಸುಮಾರು 17 ಡಿಗ್ರಿ ಇದ್ದದ್ದು ಈಗ 24ಕ್ಕೆ ಏರುತ್ತದೆ. ಒಳ ಜಾಯಿಂಟ್‌ನ ಮಿತಿ ಅಲ್ಲಿಯೇ ಇದೆ. ಒಂದು ಚಕ್ರ ಗಾಳಿಯಲ್ಲಿ ಜೋತಾಡುತ್ತ ಇನ್ನೊಂದು ದಿಬ್ಬದ ಮೇಲಿರುವ ತಿರುವಿನಲ್ಲಿ, ಅದೂ ಲೋ ಗೇರಿನಲ್ಲಿ, ಈ ಮಿತಿಯನ್ನು ಮುಟ್ಟುವುದು ಕಷ್ಟವೇನಲ್ಲ. ಇದಲ್ಲದೆ ಚಕ್ರ ಪೂರ್ತಿ ಮೇಲೆ ಬಂದಾಗ ಚಾಸಿಯ ರಬ್ಬರ್ ಸ್ಟಾಪರ್ ಮುಟ್ಟುವ ಮೊದಲೇ ಶಾಕ್ ಒಳಗೇ ತಳ ಹೊಡೆಯುವ ಸಾಧ್ಯತೆಯೂ ಸ್ಪೇಸರಿನಲ್ಲಿದೆ.

ಅದರ ಬದಲು ಶಾಕನ್ನು ಹಾಗೇ ಬಿಟ್ಟು ಸ್ವಲ್ಪ ಎತ್ತರದ, ಗಟ್ಟಿಯಾದ ಸ್ಪ್ರಿಂಗ್ ಹಾಕಿದರೆ ಚಕ್ರ ಜೋಲುವ ಕೊನೆಯ ಮಟ್ಟ ಬದಲಾಗುವುದಿಲ್ಲ. ಗರಿಷ್ಠ ಕೋನ 17ರಲ್ಲೇ ಉಳಿಯುತ್ತದೆ, ಏರುವುದು ದಿನನಿತ್ಯದ ಕೋನ ಮಾತ್ರ. ಅದಕ್ಕೂ ಬೆಲೆಯಿದೆ. ಕೆಳಗೆ ಜೋಲಲು ಉಳಿಯುವುದು 30 ಮಿ.ಮೀ. ಮಾತ್ರವಾದ್ದರಿಂದ ಸಣ್ಣ ಹಳ್ಳಕ್ಕೂ ಶಾಕ್ ಪೂರ್ತಿ ಹಿಗ್ಗಿ ತನ್ನ ಮಿತಿಗೆ ಬಡಿದು ‘ಟಣ್’ ಎನ್ನುತ್ತದೆ, ಚಕ್ರ ನೆಲ ಬಿಡುತ್ತದೆ. 2010ರಲ್ಲಿ ಬಂದ ಥಾರ್‌ನಂತೆ ಮುಂದೆ ಟಾರ್ಷನ್ ಬಾರ್ ಇರುವ ಗಾಡಿಗಳಲ್ಲಿ ಬೋಲ್ಟ್ ತಿರುಗಿಸಿ ಎತ್ತರಿಸಿದಾಗಲೂ ಇದೇ ಆಗುತ್ತದೆ. ಅಲ್ಲಿ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ನಿಲ್ಲುವ ಮಟ್ಟ ಮಾತ್ರ ಬದಲಾಗುತ್ತದೆ.

ಮೂರನೆಯದು ರಬ್ಬರ್ ಬೂಟು. ನಮ್ಮ ಜಿಲ್ಲೆಯಲ್ಲಿ ಸಿ.ವಿ. ಜಾಯಿಂಟ್‌ಗಳ ಆಯುಷ್ಯವನ್ನು ತೀರ್ಮಾನಿಸುವುದು ಬಹುತೇಕ ಇದೇ ಎಂಬುದು ನನ್ನ ಅಭಿಪ್ರಾಯ. ಬೂಟು ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಕೋನ ಹೆಚ್ಚಾದಾಗ ಒಂದು ಬದಿಯ ಮಡಿಕೆಗಳು ಹಿಗ್ಗಿ, ಇನ್ನೊಂದು ಬದಿಯವು ಒಂದಕ್ಕೊಂದು ತಗುಲಿ, ಚಕ್ರದ ಪ್ರತಿ ಸುತ್ತಿಗೂ ಉಜ್ಜಿಕೊಳ್ಳುತ್ತವೆ. ಆ ಸಂದಿಗೆ ಕೆಂಪು ಮಣ್ಣಿನ ಸಣ್ಣ ಹರಳು ಸೇರಿದರೆ ರಬ್ಬರಿನ ಮೇಲೆ ಉಪ್ಪುಕಾಗದ ಎಳೆದಂತೆಯೇ ಸರಿ. ಬೂಟು ಸೀಳಿದರೆ ಗ್ರೀಸ್ ಹೊರಗೆ ಎರಚಿ, ನೀರು ಕೆಸರು ಒಳಗೆ ಹೋಗಿ, ಒಂದೇ ಮಳೆಗಾಲದಲ್ಲಿ ಜಾಯಿಂಟ್ ಮುಗಿಯಬಹುದು. ಚಕ್ರದ ರಿಮ್ಮಿನ ಒಳಮೈಯಲ್ಲಿ ಕಪ್ಪು ಗ್ರೀಸ್ ಎರಚಿದ ಗೆರೆ ಕಂಡ ದಿನವೇ ಬೂಟು ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ. ಬೂಟಿನ ಬೆಲೆಗೂ ಪೂರ್ತಿ ಶಾಫ್ಟ್‌ನ ಬೆಲೆಗೂ ಬಹಳ ಅಂತರವಿದೆ.


ಉತ್ತರ: ಹಳೆ ಜೀಪು (ಸೋಮವಾರಪೇಟೆ)

ಮೇಲಿನವರು ಬರೆದದ್ದು ಸ್ವತಂತ್ರ ಸಸ್ಪೆನ್ಷನ್ನಿಗೆ ಸರಿ. ಆದರೆ ಇದನ್ನು ಓದುವವರಲ್ಲಿ ಹಳೆಯ ಜೀಪು, ಜಿಪ್ಸಿ ಇಟ್ಟುಕೊಂಡವರೂ ಇರುವುದರಿಂದ, ಮುಂದೆ ಇಡಿಯಾದ ಹೌಸಿಂಗ್ ಇರುವ ಗಾಡಿಗಳ ಲೆಕ್ಕವೇ ಬೇರೆ ಎಂಬುದನ್ನು ಸೇರಿಸುತ್ತೇನೆ. 1985ರಲ್ಲಿ ಬಂದ ಜಿಪ್ಸಿಯಲ್ಲಿ ಮುಂದೆಯೂ ಲೀಫ್ ಸ್ಪ್ರಿಂಗ್ ಮೇಲೆ ಗಟ್ಟಿ ಹೌಸಿಂಗ್ ಇದೆ. ತೋಟಗಳಲ್ಲಿ ಇಂದಿಗೂ ಓಡುವ ಹಳೆಯ ಮಹೀಂದ್ರ ಜೀಪುಗಳಲ್ಲೂ ಹಾಗೆಯೇ. ಇವುಗಳಲ್ಲಿ ಡಿಫರೆನ್ಷಿಯಲ್ಲೂ ಚಕ್ರವೂ ಒಂದೇ ಹೌಸಿಂಗಿಗೆ ಸೇರಿರುವುದರಿಂದ ಚಾಸಿಯನ್ನು ಎಷ್ಟೇ ಎತ್ತರಿಸಿದರೂ ಒಳಗಿನ ಆಕ್ಸಲ್ ಶಾಫ್ಟ್‌ನ ಕೋನ ಒಂದಿಷ್ಟೂ ಬದಲಾಗುವುದಿಲ್ಲ. ಎತ್ತರಿಸಿದ್ದರಿಂದ ಜಿಪ್ಸಿಯ ಆಕ್ಸಲ್ ಜಾಯಿಂಟ್ ಹೋಯಿತು ಎಂದು ಯಾರಾದರೂ ಹೇಳಿದರೆ ಅವರು ಟಯರಿನ ಗಾತ್ರವನ್ನೂ ಕೇಳಿ ನೋಡಬೇಕು.

ಅದೇ ಕಾರಣದಿಂದ ಇನ್ನೊಂದು ನಿರಾಸೆಯೂ ಇದೆ. ಇಂಥ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಚಾಸಿ, ಗೇರ್ ಬಾಕ್ಸ್, ಟ್ಯಾಂಕು ಮೇಲೆ ಹೋಗುತ್ತವೆ, ದಿಬ್ಬಕ್ಕೆ ಮೊದಲು ತಾಗುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟಯರು ಮಾತ್ರ.

ಇಲ್ಲಿ ಎತ್ತರದ ಪೆಟ್ಟು ತಿನ್ನುವುದು ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸ್ ಕಡೆಯಿಂದ ಡಿಫರೆನ್ಷಿಯಲ್ಲಿಗೆ ಬಲ ಒಯ್ಯುವ ದಂಡ) ಮತ್ತು ಅದರ ತುದಿಗಳಲ್ಲಿರುವ ಕ್ರಾಸುಗಳು, ಅಂದರೆ ಶಿಲುಬೆಯಾಕಾರದ ಕೀಲುಗಳು. ಸಿ.ವಿ. ಜಾಯಿಂಟ್‌ನ ಹಾಗೆ ಕ್ರಾಸು ಸಮವೇಗದಲ್ಲಿ ತಿರುಗುವುದಿಲ್ಲ. ಕೋನವಿದ್ದಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಇಳಿಯುತ್ತದೆ, 10 ಡಿಗ್ರಿಯಲ್ಲಿ ಈ ಏರಿಳಿತ ನೂರಕ್ಕೆ ಒಂದೂವರೆಯಷ್ಟಿದ್ದದ್ದು 20 ಡಿಗ್ರಿಗೆ ಹೋದರೆ ಆರಕ್ಕೆ ಮುಟ್ಟುತ್ತದೆ. ಎರಡೂ ತುದಿಯ ಕ್ರಾಸುಗಳ ಕೋನ ಸಮವಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಎತ್ತರಿಸುವಾಗ ಹೌಸಿಂಗ್ ಸ್ವಲ್ಪ ತಿರುಗಿ ಒಂದು ತುದಿಯ ಕೋನ ಬೇರೆಯಾದರೆ ಆ ಏರಿಳಿತ ನಡುಕವಾಗಿ ಉಳಿದು, ಕ್ರಾಸಿನ ಸೂಜಿ ಬೇರಿಂಗುಗಳನ್ನೂ ಪಿನಿಯನ್ (ಡಿಫರೆನ್ಷಿಯಲ್ಲಿನ ಒಳಗೆ ಬಲ ತರುವ ಸಣ್ಣ ಗೇರು) ಬೇರಿಂಗನ್ನೂ ತಿನ್ನುತ್ತದೆ.

ಹೌಸಿಂಗ್ ತಿರುಗುವುದರ ಇನ್ನೊಂದು ಪರಿಣಾಮ ಕ್ಯಾಸ್ಟರ್ ಮೇಲೆ, ಅಂದರೆ ಸ್ಟೇರಿಂಗಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನದ ಮೇಲೆ, ಆಗುತ್ತದೆ. ಶ್ಯಾಕಲ್ (ಸ್ಪ್ರಿಂಗನ್ನು ಚಾಸಿಗೆ ಸೇರಿಸುವ, ಆಡುವ ಕೊಂಡಿ) ಸ್ಪ್ರಿಂಗಿನ ಮುಂದಿನ ತುದಿಯಲ್ಲಿದ್ದು ಅದನ್ನು ಉದ್ದ ಮಾಡಿದರೆ ಸ್ಪ್ರಿಂಗಿನ ಮುಂಭಾಗ ತಗ್ಗಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಹಿಂದಿನ ತುದಿಯಲ್ಲಿದ್ದರೆ ಕ್ಯಾಸ್ಟರ್ ಹೆಚ್ಚಿ ಪಿನಿಯನ್ ಮೂತಿ ನೆಲದ ಕಡೆ ಬಾಗುತ್ತದೆ. ಕ್ಯಾಸ್ಟರ್ ಕಡಿಮೆಯಾದ ಗಾಡಿ ತಿರುವಿನಿಂದ ಹೊರಬಂದ ಮೇಲೆ ಸ್ಟೇರಿಂಗ್ ತಾನಾಗಿ ನೇರವಾಗುವುದಿಲ್ಲ, ವೇಗದಲ್ಲಿ ಒಂದು ಹಳ್ಳ ಹೊಡೆದರೆ ಮುಂದಿನ ಚಕ್ರಗಳೆರಡೂ ಕುಣಿಯಲು ಶುರು ಮಾಡುತ್ತವೆ. ಆ ಕುಣಿತದಲ್ಲಿ ಕಿಂಗ್‌ಪಿನ್ ಬೇರಿಂಗು, ಟೈ ರಾಡ್ ಎಂಡು, ಶ್ಯಾಕಲ್ ಬುಷ್ಷು ಎಲ್ಲ ಒಟ್ಟಿಗೆ ಸಡಿಲಾಗುತ್ತವೆ. ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಎರಡರಿಂದ ನಾಲ್ಕು ಡಿಗ್ರಿಯ ಬೆಣೆ ಕೊಟ್ಟು ಕ್ಯಾಸ್ಟರ್ ಸರಿಪಡಿಸುವ ಪದ್ಧತಿಯಿದೆ. ಆದರೆ ಪಿನಿಯನ್ನೂ ಅದೇ ಹೌಸಿಂಗಿನಲ್ಲಿರುವುದರಿಂದ ಬೆಣೆ ಅದನ್ನೂ ತಿರುಗಿಸುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುವ ಈ ಜಗ್ಗಾಟದಿಂದಾಗಿಯೇ ಹಳೆಯ ಜೀಪುಗಳನ್ನು ಎರಡು ಇಂಚಿಗಿಂತ ಹೆಚ್ಚು ಎತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಮಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳ ಎತ್ತರ ನೋಡಿ ಆಸೆಪಡುವವರು ಅವುಗಳ ಕ್ರಾಸು ಎಷ್ಟು ಸಲ ಬದಲಾಗುತ್ತದೆ ಎಂಬುದನ್ನೂ ಡ್ರೈವರ್‌ಗಳಲ್ಲಿ ವಿಚಾರಿಸಲಿ.


ಉತ್ತರ: ಕೆಳಗಿನ ಗದ್ದೆ (ಪೊನ್ನಂಪೇಟೆ)

ಬೆಟ್ಟದ ತೋಟದವರೇ, ಯಂತ್ರದ ಒಳಗುಟ್ಟು ನನಗೆ ಅವರಿಬ್ಬರಷ್ಟು ತಿಳಿಯದು. ತೋಟದ ವಾಹನಗಳ ಖರ್ಚಿನ ಲೆಕ್ಕ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದಿರುವುದರಿಂದ ಕೆಲವು ಮಾತು ಹೇಳುತ್ತೇನೆ. ಕಾಫಿಗೆ ಒಳ್ಳೆಯ ಬೆಲೆ ಬಂದಂದಿನಿಂದ ಗೋಣಿಕೊಪ್ಪದ ಬೀದಿಯಲ್ಲಿ ಎತ್ತರಿಸಿದ ಪಿಕಪ್‌ಗಳೂ ಹೆಚ್ಚುತ್ತಿವೆ. ಅವುಗಳಲ್ಲಿ ಎಷ್ಟು ತೋಟದೊಳಗೆ ಇಳಿಯುತ್ತವೆ ಎಂಬುದು ಬೇರೆ ಮಾತು.

ನಿಮ್ಮ ಗಾಡಿಯ ಹೊಟ್ಟೆ ಉಜ್ಜುವುದು ಖಾಲಿ ಇರುವಾಗಲೋ ಹೇರಿದಾಗಲೋ ಎಂಬುದನ್ನು ಮೊದಲು ಗಮನಿಸಬೇಕು. ಹದಿನೈದು ಚೀಲ ಒಣಕಾಫಿ ಎಂದರೆ ಏಳೂವರೆ ಕ್ವಿಂಟಲ್. ಅಷ್ಟು ಹೇರಿದಾಗ ತಗ್ಗುವುದು ಹಿಂಭಾಗ. ಹಿಂದಿನ ಪ್ಲೇಟುಗಳು ವರ್ಷಗಳ ಹೊರೆಗೆ ಚಪ್ಪಟೆಯಾಗಿದ್ದರೆ ಮುಂಭಾಗವನ್ನು 50 ಮಿ.ಮೀ. ಎತ್ತರಿಸಿಯೂ ನಡುಹೊಟ್ಟೆಗೆ ಸಿಗುವ ಲಾಭ ಅಲ್ಪ. ಹಿಂದಿನ ಸ್ಪ್ರಿಂಗ್ ಕಟ್ಟನ್ನು ಬಿಚ್ಚಿ ಮತ್ತೆ ಕಮಾನು ಏರಿಸಿಕೊಡುವವರಿದ್ದಾರೆ, ಅಥವಾ ಒಂದು ಪ್ಲೇಟು ಸೇರಿಸಬಹುದು. ಮುಂದಿನ ಆಕ್ಸಲನ್ನು ಮುಟ್ಟದೆ ಮುಗಿಯುವ ಕೆಲಸವನ್ನು ಮೊದಲು ಮಾಡಿ ನೋಡಿರೆಂದು ನನ್ನ ಸಲಹೆ.

ಇನ್ನು ದಾರಿಯ ವಿಷಯ. ನಡುವಿನ ದಿಬ್ಬ ಗಟ್ಟಿಯಾಗುವ ಮೊದಲು, ಅಂದರೆ ಮಳೆ ಬಿಟ್ಟ ಕೂಡಲೇ ತುಲಾಮಾಸದ ಹೊತ್ತಿಗೆ, ಅದನ್ನು ಕೆತ್ತಿಸಿ ಜಾಡಿಗೆ ಜಲ್ಲಿ ತುಂಬಿಸಿ, ಏರಿನಲ್ಲಿ ಅಲ್ಲಲ್ಲಿ ನೀರು ಅಡ್ಡಹರಿಯಲು ಓರೆ ಚರಂಡಿ ಕೊಡಿಸಿದರೆ ಜಾಡು ಅಷ್ಟು ಆಳವಾಗುವುದಿಲ್ಲ. ಆಳುಗಳು ಸಿಗುವುದು ಕಷ್ಟವೆಂಬುದನ್ನು ಬಲ್ಲೆ. ಹಾಗಿದ್ದರೂ ಪ್ರತಿ ವರ್ಷ ಶಾಫ್ಟಿಗೆ ಸುರಿಯುವ ಹಣಕ್ಕಿಂತ ಇದು ಮೇಲು, ಕೂಲಿಯವರ ಟ್ರ್ಯಾಕ್ಟರಿಗೂ ಅನುಕೂಲ.

ಕಾನೂನಿನ ಮಾತನ್ನು ಯಾರೂ ಎತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಇಂಥದ್ದನ್ನೇ. ಸವೆತದ ಲೆಕ್ಕ ಹಾಕುವಾಗ ಇದನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ.


ಮತ್ತೆ ಪ್ರಶ್ನೆ: ಬೆಟ್ಟದ ತೋಟ (ಮಾದಾಪುರ ಕಡೆ)

ಮೂವರಿಗೂ ಕೃತಜ್ಞತೆಗಳು. ಕೆಳಗಿನ ಗದ್ದೆಯ ಅಕ್ಕನವರು ಹೇಳಿದಂತೆ ಗಾಡಿಯನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಖಾಲಿ ಇರುವಾಗಲೂ ಗೊಬ್ಬರದ ಚೀಲ ಹೇರಿದ ಮೇಲೂ ಅಳೆದು ನೋಡಿದೆ. ಹೇರಿದಾಗ ಹಿಂಭಾಗ ಬಹಳ ತಗ್ಗುತ್ತದೆ, ಮುಂಭಾಗದಲ್ಲಿ ವ್ಯತ್ಯಾಸವೇ ಇಲ್ಲ ಎನ್ನಬಹುದು. ಹೊಟ್ಟೆಯ ಕೆಳಗಿನ ಗೀರುಗಳೂ ಗೇರ್ ಬಾಕ್ಸಿನಿಂದ ಹಿಂದಕ್ಕೇ ಹೆಚ್ಚಾಗಿವೆ. ಆದ್ದರಿಂದ ಹಿಂದಿನ ಸ್ಪ್ರಿಂಗ್ ಕೆಲಸವನ್ನು ಮೊದಲು ಮಾಡಿಸುತ್ತೇನೆ. ಆದರೂ ಹಿಂಭಾಗವನ್ನು ಮಾತ್ರ ಎತ್ತರಿಸಿದರೆ ಮುಂಭಾಗ ತಗ್ಗಿದಂತಾಗಿ ಸ್ಟೇರಿಂಗಿಗೆ ತೊಂದರೆಯಾಗದೇ? ಮುಂದೆ 30 ಅಥವಾ 35 ಮಿ.ಮೀ. ಮಾತ್ರ ಏರಿಸುವುದಾದರೆ ಏನೇನು ಜೊತೆಯಲ್ಲಿ ಮಾಡಿಸಬೇಕು? ಡಿಫರೆನ್ಷಿಯಲ್ ತಗ್ಗಿಸುವ ಕಿಟ್ ಒಂದು ಬರುತ್ತದಂತೆ, ಅದು ಪ್ರಯೋಜನವೇ? ದೊಡ್ಡ ಟಯರ್ ಹಾಕುವುದು ಇದಕ್ಕಿಂತ ಒಳ್ಳೆಯದೇ?


ಉತ್ತರ: ಶಾಫ್ಟ್ ಕೋನ (ಕುಶಾಲನಗರ)

ಅಳೆದು ನೋಡಿದ್ದು ಒಳ್ಳೆಯದಾಯಿತು. ಹಿಂಭಾಗ ಏರಿ ಮೂತಿ ತಗ್ಗಿದರೆ ಕ್ಯಾಸ್ಟರ್ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ನಿಮ್ಮ ಹಿಂಭಾಗ ಈಗ ಕಂಪನಿಯ ಮಟ್ಟಕ್ಕಿಂತ ಕೆಳಗಿರುವುದರಿಂದ ಅದನ್ನು ಮೂಲ ಮಟ್ಟಕ್ಕೆ ತಂದರೆ ಕ್ಯಾಸ್ಟರೂ ಮೂಲ ಮಟ್ಟಕ್ಕೇ ಬರುತ್ತದೆ, ಹೆದರಬೇಕಾಗಿಲ್ಲ. ಅದಕ್ಕಿಂತ ಮೇಲೆ ಏರಿಸುವುದಾದರೆ ಮಾತ್ರ ಮುಂಭಾಗದ ಯೋಚನೆ ಮಾಡಿ.

ಮುಂದೆ 35 ಮಿ.ಮೀ. ಏರಿಸಿದರೆ ನನ್ನ ಉದಾಹರಣೆಯ ಶಾಫ್ಟ್‌ನ ಕೋನ 5ರಿಂದ 10 ಡಿಗ್ರಿಗೆ ಹೋಗುತ್ತದೆ. ತೋಟದ ನಿಧಾನದ ಓಟಕ್ಕೆ ಇದನ್ನು ಒಪ್ಪಬಹುದು ಎಂದು ನನ್ನ ಅನಿಸಿಕೆ. ಸ್ಪೇಸರ್ ಬೇಡ, ಸ್ಪ್ರಿಂಗೂ ಅದಕ್ಕೆ ಹೊಂದುವ ಶಾಕೂ ಒಟ್ಟಿಗೆ ಬರುವ ಜೋಡಿಯನ್ನೇ ಹಾಕಿಸಿ. ಡಿಫರೆನ್ಷಿಯಲ್ ತಗ್ಗಿಸುವ ಕಿಟ್ ಎಂದರೆ ಅದರ ಕಟ್ಟುಗಳ ನಡುವೆ ಸುಮಾರು 25 ಮಿ.ಮೀ. ದಪ್ಪದ ಬಿಲ್ಲೆ ಕೊಡುವುದು. 50 ಮಿ.ಮೀ. ಏರಿಸಿದ ಗಾಡಿಯಲ್ಲಿ ಅದು 12 ಡಿಗ್ರಿಯನ್ನು 8–9ಕ್ಕೆ ಇಳಿಸುತ್ತದೆ, ಅಲ್ಲಿ ಉಪಯೋಗವಿದೆ. ನೀವು 35ರಲ್ಲೇ ನಿಲ್ಲುವುದಾದರೆ ಗಳಿಸಿದ ಎತ್ತರದ ಬಹುಪಾಲನ್ನು, ಅದೂ ದಿಬ್ಬ ತಾಗುವ ಜಾಗದಲ್ಲೇ, ಕಳೆದುಕೊಂಡಂತಾಗುತ್ತದೆ. ನಿಮಗೆ ಬೇಡ.

ಟಯರಿನ ವಿಷಯದಲ್ಲಿ ಹಳೆ ಜೀಪಿನವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. 245/70 ಆರ್16 ಟಯರಿನ ವ್ಯಾಸ ಸುಮಾರು 749 ಮಿ.ಮೀ., 265/75 ಆರ್16ರದ್ದು ಸುಮಾರು 804. ಅರ್ಧದಷ್ಟು, ಅಂದರೆ 27 ಮಿ.ಮೀ., ನೆಲದಿಂದ ಎತ್ತರ ಸಿಗುತ್ತದೆ, ಶಾಫ್ಟ್‌ನ ಕೋನ ಬದಲಾಗುವುದಿಲ್ಲ. ಆದರೆ ಅದೇ ಏರನ್ನು ಹತ್ತಲು ಶಾಫ್ಟ್ ನೂರಕ್ಕೆ ಏಳರಷ್ಟು ಹೆಚ್ಚು ತಿರುಚು ಬಲ ಹೊರಬೇಕಾಗುತ್ತದೆ. ಟಯರಿನ ತೂಕವೂ ಹೆಚ್ಚು, ಬ್ರೇಕಿಗೂ ಹೊರೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಚಕ್ರ ಒಳಗೆ ತಾಗುತ್ತದೆಂದು ಹೊರಕ್ಕೆ ಚಾಚಿದ ರಿಮ್ಮು ಹಾಕಿದರೆ ವೀಲ್ ಬೇರಿಂಗ್ ಮತ್ತು ಬಾಲ್ ಜಾಯಿಂಟ್‌ಗಳ ಮೇಲೆ ಬೀಳುವ ಮುರಿಬಲ ಇನ್ನೂ ಏರುತ್ತದೆ. ಹೀಗಾಗಿ ಎತ್ತರ, ದೊಡ್ಡ ಟಯರು, ಚಾಚಿದ ರಿಮ್ಮು ಮೂರನ್ನೂ ಒಟ್ಟಿಗೆ ಮಾಡಿಸಿದವರ ಗಾಡಿಯಲ್ಲಿ ಯಾವುದರಿಂದ ಏನು ಸವೆಯಿತು ಎಂದು ಹೇಳುವುದೇ ಅಸಾಧ್ಯವಾಗುತ್ತದೆ. ಪಕ್ಕದ ತೋಟದ ಪಿಕಪ್ಪಿನದೂ ಇದೇ ಕಥೆಯೋ ಎಂದು ವಿಚಾರಿಸಿ ನೋಡಿ. 265/70 ಆರ್16 ನಡುವಿನ ದಾರಿ. ಅದರಲ್ಲಿ ಸಿಗುವುದು 14 ಮಿ.ಮೀ., ಹೆಚ್ಚುವ ಬಲ ನೂರಕ್ಕೆ ನಾಲ್ಕರೊಳಗೆ.

ಎತ್ತರಿಸುವ ದಿನ ಬಹಳ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಒಂದು ಕೆಲಸವಿದೆ. ಕಂಟ್ರೋಲ್ ಆರ್ಮ್‌ಗಳ ಬುಡದಲ್ಲಿರುವ ರಬ್ಬರ್ ಬುಷ್ಷುಗಳು ಬೋಲ್ಟ್ ಬಿಗಿದ ಮಟ್ಟದಲ್ಲಿ ಹಿಡಿದುಕೊಂಡು, ತೋಳು ಆಡಿದಾಗ ತಿರುಚಿ ಮತ್ತೆ ಅದೇ ಮಟ್ಟಕ್ಕೆ ಮರಳುತ್ತವೆ. ಹಳೆಯ ಮಟ್ಟದಲ್ಲಿ ಬಿಗಿದದ್ದನ್ನು ಹಾಗೇ ಬಿಟ್ಟು ಎತ್ತರಿಸಿದರೆ ನಿಂತ ಗಾಡಿಯಲ್ಲೂ ಅವು ತಿರುಚಿಕೊಂಡೇ ಇರುತ್ತವೆ, ಬೇಗ ಹರಿಯುತ್ತವೆ. ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯನ್ನು ಚಕ್ರಗಳ ಮೇಲೆ ಹೊಸ ಮಟ್ಟದಲ್ಲಿ ನಿಲ್ಲಿಸಿ, ಆ ಮೇಲೆ ಬಿಗಿಸಬೇಕು. ಅದರ ಬೆನ್ನಿಗೇ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಏಕೆಂದರೆ ಟೈ ರಾಡ್ ಓರೆಯಾದಷ್ಟೂ ಟೋ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಬದಲಾಗಿ ಟಯರಿನ ಅಂಚು ಗರಗಸದ ಹಲ್ಲಾಗುತ್ತದೆ. ಅಲೈನ್‌ಮೆಂಟ್ ಮಾಡುವವರಿಂದ ಕ್ಯಾಸ್ಟರ್, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವ ಕೋನ), ಟೋ ಮೂರರ ಮುದ್ರಿತ ಅಳತೆಯನ್ನು ಎತ್ತರಿಸುವ ಮೊದಲೊಮ್ಮೆ, ಆದ ಮೇಲೊಮ್ಮೆ ಕೇಳಿ ಪಡೆಯಿರಿ. ಕ್ಯಾಸ್ಟರ್ ಹೊಂದಿಸಲು ಮೂಲ ಆರ್ಮಿನಲ್ಲಿ ಅವಕಾಶ ಸಾಲದಿದ್ದರೆ ಮೇಲಿನ ಆರ್ಮನ್ನೇ ಬದಲಿಸಬೇಕಾಗುತ್ತದೆ. ಆ ಖರ್ಚು ಬಂದರೆ ಎತ್ತರವನ್ನೇ ಸ್ವಲ್ಪ ಇಳಿಸುವುದು ಜಾಣತನ.

ಓಡಿಸುವ ರೀತಿಯಲ್ಲೂ ಒಂದು ಮಾತು. ತೋಟದ ಕೆಸರಿನಿಂದ ಟಾರು ರಸ್ತೆಗೆ ಹತ್ತಿದ ಮೇಲೂ ಫೋರ್ ವೀಲ್ ತೆಗೆಯದೆ ಸುಂಟಿಕೊಪ್ಪದವರೆಗೆ ಓಡಿಸುವ ಡ್ರೈವರ್‌ಗಳಿದ್ದಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲದ ನಿಮ್ಮಂಥ ಗಾಡಿಯಲ್ಲಿ, ಹಿಡಿತವಿರುವ ಒಣ ಟಾರಿನ ಮೇಲೆ, ಆ ವ್ಯತ್ಯಾಸವೆಲ್ಲ ಶಾಫ್ಟ್‌ಗಳಲ್ಲಿ ಬಿಗಿತವಾಗಿ ಸೇರಿಕೊಳ್ಳುತ್ತದೆ. 2018ರ ನಂತರ ತಿರುವು ಹೆಚ್ಚಿದ ನಿಮ್ಮ ದಾರಿಯಲ್ಲೂ ಜಲ್ಲಿ ಹಾಕಿ ಗಟ್ಟಿ ಮಾಡಿದ ಭಾಗಗಳಲ್ಲಿ ಇದನ್ನು ನೆನಪಿಡಬೇಕು. ಕಣದಲ್ಲಿ ಗಾಡಿ ತಿರುಗಿಸುವಾಗ ಟೂ ವೀಲಿಗೆ ತರುವ ಅಭ್ಯಾಸವನ್ನು ಡ್ರೈವರಿಗೆ ಮಾಡಿಸಿದರೆ ಹೊರ ಜಾಯಿಂಟ್ ಬಹಳ ಕಾಲ ಬಾಳುತ್ತದೆ.

ತೊರೆ ದಾಟುವುದಿದ್ದರೆ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿನಲ್ಲಿ ತಟ್ಟನೆ ಆರಿ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಪೈಪು (ಡಿಫರೆನ್ಷಿಯಲ್ಲಿನ ಒಳಗಿನ ಗಾಳಿ ಆಡುವ ಕೊಳವೆ) ಮುಚ್ಚಿಹೋಗಿಲ್ಲವೆಂದು ನೋಡಿ, ಸಾಧ್ಯವಾದರೆ ಬಾನೆಟ್ಟಿನ ಎತ್ತರಕ್ಕೆ ಉದ್ದ ಮಾಡಿಸಿ. ಮಳೆಗಾಲ ಮುಗಿದ ಮೇಲೆ ಡ್ರೇನ್ ಬೋಲ್ಟ್ ತೆಗೆದಾಗ ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಕೂಡಲೇ ಬದಲಿಸಬೇಕು.

ಮೊದಲು ಹಿಂದಿನ ಸ್ಪ್ರಿಂಗ್ ಕಟ್ಟು, ಬಳಿಕ ಒಂದು ಕೊಯ್ಲಿನ ಕಾಲ ಹಾಗೇ ಓಡಿಸಿ ನೋಡುವುದು, ಆಮೇಲೂ ಹೊಟ್ಟೆ ತಾಗಿದರೆ ಮುಂದಿನ 35 ಮಿ.ಮೀ., ಈ ಕ್ರಮ ನಿಮಗೆ ಸರಿಹೊಂದುತ್ತದೆ. ಹಿಂದಿನ ಪ್ಲೇಟು ಬಿಚ್ಚಿ ಕಟ್ಟಿಸಿದ ಮೇಲೆ ಯು ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿಸಿ. ಹೊರೆ ಬಿದ್ದು ಪ್ಲೇಟುಗಳು ಕೂತ ಬಳಿಕ, ಅಂದರೆ ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ, ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೊಮ್ಮೆ ಬಿಗಿಸಿ.